ಆಟವೂ ಒಂದು ಬಾಳುವೆಯೇ?



ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ನಾವು ಇಳಕಲ್ಲಿನಲ್ಲಿ ಕೆಲವು ದಿನ ತಂಗಿದ್ದೆವು. ಒಂದು ಸಂಜೆ ನೇಕಾರರ ಓಣಿಯ ಮನೆಯೊಂದರಲ್ಲಿ ಪ್ರಸಾದಕ್ಕೆ ಕರೆದಿದ್ದರು. ಪಡಸಾಲೆಯಲ್ಲಿಯೇ ಕುಣಿಮಗ್ಗ, ಅದರ ಮೇಲೆ ಅರ್ಧ ನೆಯ್ದ ಸೀರೆ. ಪ್ರಸಾದವಾದ ಮೇಲೆ ಮನೆಯ ಹಿರಿಯಳು, ಎಂಬತ್ತರ ಸಮೀಪದ ಮುದುಕಿ, ಕೈಮುಗಿದು ಕುಳಿತು ಒಂದು ಪ್ರಶ್ನೆಯನ್ನು ಮುಂದಿಟ್ಟಳು.

"ಶಾಸ್ತ್ರಿಗಳ, ನಮ್ಮ ಮೊಮ್ಮಗ ಕಾಲೇಜ ಬಿಟ್ಟು ಬೆಂಗಳೂರಿಗೆ ಹೋಗಿ ಚೆಂಡ ಆಡತೀನಿ ಅಂತಾನ್ರಿ. ಚೆಂಡ ಒದ್ದು ಹೊಟ್ಟಿ ತುಂಬತೈತೇನ್ರಿ? ಈ ವರ್ಷ ಒಂದ ತಂಡ, ಮುಂದಿನ ವರ್ಷ ಇನ್ನೊಂದ ತಂಡ ಅಂತ. ಹಂಗ ಊರೂರು ತಿರುಗೋ ಮಂದಿಗೆ ನಿಷ್ಠಾ ಅಂಬೂದು ಎಲ್ಲಿ ಇರತೈತ್ರಿ?"

ಹುಡುಗ ಬಾಗಿಲ ಚೌಕಟ್ಟಿಗೆ ಒರಗಿ ತಲೆ ತಗ್ಗಿಸಿ ನಿಂತಿದ್ದ. ತಂದೆ ಮಗ್ಗದ ಪಕ್ಕದಲ್ಲಿ ಕುಳಿತು ನೂಲಿನ ಎಳೆಯೊಂದನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದರೇ ಹೊರತು ಮಾತನಾಡಲಿಲ್ಲ. ಮುದುಕಿ ಕೇಳಿದ್ದು ಒಂದು ಪ್ರಶ್ನೆಯಲ್ಲ, ಎರಡು. ಒಂದು ಅನ್ನದ ಪ್ರಶ್ನೆ, ಇನ್ನೊಂದು ನಿಷ್ಠೆಯ ಪ್ರಶ್ನೆ. ನಾವು ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿತವರು. ನಮ್ಮ ಕಾಲದ ಆಟವೆಂದರೆ ಸಾಯಂಕಾಲದ ಹುತುತು ಮತ್ತು ಖೋ-ಖೋ. ಅರಿಯದ ವಿಷಯದಲ್ಲಿ ಕೂಡಲೇ ಅಪ್ಪಣೆ ಕೊಡಿಸುವುದು ಸರಿಯಲ್ಲವೆಂದು, "ತಾಯಿ, ಒಂದು ತಿಂಗಳ ಅವಕಾಶ ಕೊಡಿರಿ" ಎಂದು ಕೇಳಿಕೊಂಡು ಬಂದೆವು. ಬಾಗಲಕೋಟೆಗೆ ಮರಳಿ, ಪರಿಚಿತರಾದ ವ್ಯಾಯಾಮ ಶಿಕ್ಷಕರೊಬ್ಬರನ್ನು ಕೂಡಿಸಿಕೊಂಡು ಕೇಳಿದೆವು, ಓದಿದೆವು. ಆ ಮನೆಯ ಪ್ರಶ್ನೆ ಇಂದು ಅನೇಕ ಮನೆಗಳ ಪ್ರಶ್ನೆಯೂ ಆಗಿರುವುದರಿಂದ ನಮಗೆ ತಿಳಿದುಬಂದುದನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಒಂದು ಮಾತು. ಊರೂರು ಅಲೆದು ಹೊಟ್ಟೆ ಹೊರೆಯುವ ವೃತ್ತಿ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯ ಬನಶಂಕರಿಗೆ ಹೋದವರೆಲ್ಲರೂ ಅಲ್ಲಿ ತಿಂಗಳುಗಟ್ಟಲೆ ಬೀಡುಬಿಡುವ ನಾಟಕ ಕಂಪನಿಗಳನ್ನು ಕಂಡಿದ್ದೀರಿ. ಈ ವರ್ಷ ಒಂದು ಕಂಪನಿಯಲ್ಲಿ ನಾಯಕನ ಪಾತ್ರ ಮಾಡಿದ ನಟ ಮರುವರ್ಷ ಪಕ್ಕದ ತಂಬುವಿನಲ್ಲಿ ಬಣ್ಣ ಹಚ್ಚಿ ನಿಂತಿರುತ್ತಾನೆ. ಅವನನ್ನು ಯಾರೂ ದ್ರೋಹಿ ಎನ್ನುವುದಿಲ್ಲ. ಹುನಗುಂದದ ಕಡೆಯ ಹಳ್ಳಿಗಳಲ್ಲಿ ಜಾತ್ರೆಯ ಕುಸ್ತಿಗೆ ಬರುವ ಪೈಲವಾನರೂ ಹಾಗೆಯೇ. ಇಂದು ಈ ಊರ ಕಣ, ನಾಳೆ ಆ ಊರ ಕಣ. ಮೈಯಲ್ಲಿ ಕಸುವು ಇರುವವರೆಗೆ ಬೆಳ್ಳಿಯ ಕಡೆ, ಕಸುವು ಇಳಿದ ಮೇಲೆ ಗರಡಿಮನೆಯ ವಸ್ತಾದಿಕೆ. ಆಣೆಕಟ್ಟಿನ ಹಿನ್ನೀರಿಗೆ ಹಳೆಯ ಊರನ್ನು ಒಪ್ಪಿಸಿ ನವನಗರಕ್ಕೆ ಬಂದ ಬಾಗಲಕೋಟೆಯ ಜನರಿಗಂತೂ, ನೆಲೆ ಬದಲಾದರೂ ಬಾಳು ನಿಲ್ಲುವುದಿಲ್ಲವೆಂದು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಇನ್ನು ಕಾಲ್ಚೆಂಡಿನ ಮಾತು. ನಮ್ಮ ಕನ್ನಡನಾಡಿನಲ್ಲಿಯೇ ಹುಟ್ಟಿ, ಈ ಆಟವನ್ನೇ ಜೀವನೋಪಾಯವಾಗಿ ಮಾಡಿಕೊಂಡು, ದೇಶದ ನಾಲ್ಕೂ ದಿಕ್ಕುಗಳಲ್ಲಿ ಆಡಿದ ಒಬ್ಬನ ಬಾಳನ್ನು ನೋಡೋಣ. ಆತನ ಹೆಸರು ಕಾರ್ಲ್ಟನ್ ಚಾಪ್ಮನ್. 1971ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಜನನ. ಆಸ್ಟಿನ್ ಟೌನಿನ ಸುತ್ತಿನ ಬೀದಿಗಳು ಹಿಂದಿನಿಂದಲೂ ಕಾಲ್ಚೆಂಡಾಟಗಾರರ ತವರು. ಅಲ್ಲಿಯ ಮೈದಾನದಲ್ಲಿ ಬೆಳೆದ ಈ ಹುಡುಗ 1990ರಲ್ಲಿ ಜಮ್ಶೆಡ್ಪುರದ ಟಾಟಾ ಫುಟ್ಬಾಲ್ ಅಕಾಡೆಮಿಯನ್ನು ಸೇರಿದ. 1987ರಲ್ಲಿ ಆರಂಭವಾದ ಆ ಸಂಸ್ಥೆ ಒಂದು ಬಗೆಯ ಗುರುಕುಲ. ಆಯ್ದ ಹುಡುಗರನ್ನು ವಸತಿಯಲ್ಲಿರಿಸಿಕೊಂಡು ಊಟ, ಪಾಠ, ಆಟ ಮೂರನ್ನೂ ಕೊಟ್ಟು ಸಿದ್ಧಪಡಿಸುತ್ತದೆ. ಹತ್ತೊಂಬತ್ತರ ಹರೆಯದಲ್ಲಿ ಮನೆ ಬಿಟ್ಟು, ಮಾತು ತಿಳಿಯದ ಊರಿನಲ್ಲಿ ಮೂರು ವರ್ಷ ಕಲಿತ ಮೇಲೆ 1993ರಲ್ಲಿ ಕೊಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಆತನನ್ನು ಕರೆದುಕೊಂಡಿತು.

ಈಸ್ಟ್ ಬೆಂಗಾಲ್ ಎಂಬುದು 1920ರಲ್ಲಿ ಹುಟ್ಟಿದ, ಲಕ್ಷಾಂತರ ಅಭಿಮಾನಿಗಳನ್ನು ಪಡೆದ ತಂಡ. ಅಲ್ಲಿ ಹೊಸಬನಿಗೆ ನಿಲ್ಲುವುದೇ ಕಷ್ಟ. ಚಾಪ್ಮನ್ ನಿಂತದ್ದಷ್ಟೇ ಅಲ್ಲ, ಬಂದ ವರ್ಷವೇ ಏಷ್ಯಾದ ಪಂದ್ಯಾವಳಿಯೊಂದರಲ್ಲಿ ಇರಾಕಿನ ಅಲ್ ಜವ್ರಾ ತಂಡದ ಎದುರು ಮೂರು ಗೋಲುಗಳನ್ನು ಹೊಡೆದ. ಆ ದಿನ ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ನಿಜಕ್ಕೆ ಆತ ಮುಂಚೂಣಿಯವನಲ್ಲ, ಮಧ್ಯರಂಗದ ಆಟಗಾರ. ಹಿಂದಿನವರಿಂದ ಚೆಂಡನ್ನು ಪಡೆದು ಮುಂದಿನವರಿಗೆ ಒಪ್ಪಿಸುವುದು ಆತನ ಕೆಲಸ. ಸಮಯ ಬಂದಾಗ ತಾನೇ ಮುನ್ನುಗ್ಗಿ ಗುರಿ ಮುಟ್ಟಿಸಿದ.

ಎರಡು ವರ್ಷಗಳ ಬಳಿಕ, 1995ರಲ್ಲಿ, ಆತ ಪಂಜಾಬಿನ ಫಗವಾಡಾಕ್ಕೆ ಹೋದ. ಅಲ್ಲಿದ್ದುದು ಜೆ.ಸಿ.ಟಿ. ತಂಡ. ಇಳಕಲ್ಲಿನ ಓದುಗರಿಗೆ ಈ ಸಂಗತಿ ವಿಶೇಷವಾಗಿ ರುಚಿಸೀತು: ಅದು ಒಂದು ಅರಿವೆ ಗಿರಣಿ ಸಾಕಿದ ತಂಡ. ನೂಲು ತೆಗೆದು ಬಟ್ಟೆ ನೆಯ್ಯುವ ಗಿರಣಿಯ ಹೆಸರನ್ನು ಎದೆಯ ಮೇಲೆ ಹೊತ್ತು ಆ ಆಟಗಾರರು ಆಡಿದರು. 1996-97ರಲ್ಲಿ ಮೊದಲ ಬಾರಿ ರಾಷ್ಟ್ರೀಯ ಫುಟ್ಬಾಲ್ ಲೀಗ್ ನಡೆದಾಗ ಅದನ್ನು ಗೆದ್ದದ್ದು ಈ ಗಿರಣಿಯ ತಂಡವೇ. ಕೇರಳದ ಐ.ಎಂ. ವಿಜಯನ್, ಸಿಕ್ಕಿಮಿನ ಬೈಚುಂಗ್ ಭುಟಿಯಾ, ಕರ್ನಾಟಕದ ಚಾಪ್ಮನ್, ಮೂವರೂ ಅಲ್ಲಿ ಕೂಡಿ ಆಡಿದರು. ಮೂರು ದಿಕ್ಕಿನವರು ಪಂಜಾಬಿನ ಗಿರಣಿಯೊಂದಕ್ಕಾಗಿ ಬೆವರು ಸುರಿಸಿದರು.

1997ರಲ್ಲಿ ಕೇರಳದಲ್ಲಿ ಎಫ್.ಸಿ. ಕೊಚ್ಚಿನ್ ಎಂಬ ಹೊಸ ತಂಡ ಹುಟ್ಟಿತು. ಚಾಪ್ಮನ್ ಅಲ್ಲಿಗೂ ಹೋದ. ಆ ವರ್ಷವೇ ಆ ತಂಡ ಡ್ಯುರಾಂಡ್ ಕಪ್ಪನ್ನು ಗೆದ್ದಿತು. ಅದೇ ವರ್ಷ ಕಠ್ಮಂಡುವಿನಲ್ಲಿ ಭಾರತ ತಂಡ ದಕ್ಷಿಣ ಏಷ್ಯಾದ ಸಾಫ್ ಕಪ್ಪನ್ನು ಗೆದ್ದಿತು. ಭಾರತದ ಅಂಗಿಯನ್ನು ತೊಟ್ಟು 1995ರಿಂದ 2001ರವರೆಗೆ ಆಡಿದ ಚಾಪ್ಮನ್, ಒಂದು ಕಾಲಕ್ಕೆ ದೇಶದ ತಂಡದ ನಾಯಕನೂ ಆಗಿದ್ದ. 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲಿಗೆ ಬಂದ. 2001ರಲ್ಲಿ ಆತನ ನಾಯಕತ್ವದಲ್ಲಿ ಆ ತಂಡ ಮೊಟ್ಟಮೊದಲ ಬಾರಿ ರಾಷ್ಟ್ರೀಯ ಲೀಗನ್ನು ಗೆದ್ದಿತು. ಆ ಗೆಲುವಿನೊಂದಿಗೇ ಆತ ವೃತ್ತಿಪರ ಆಟಕ್ಕೆ ವಿದಾಯ ಹೇಳಿದ. ಆಗ ವಯಸ್ಸು ಮೂವತ್ತು.

ವಾಚಕರು ಇಲ್ಲಿ ಒಂದು ಗಳಿಗೆ ನಿಂತು ಲೆಕ್ಕ ಹಾಕಬೇಕು. ದೊಡ್ಡ ತಂಡಗಳಲ್ಲಿ ಆತ ಆಡಿದ್ದು ಎಂಟು ವರ್ಷ. ಅಷ್ಟರಲ್ಲಿ ಬಂಗಾಳ, ಪಂಜಾಬ, ಕೇರಳ, ಮತ್ತೆ ಬಂಗಾಳ. ಶಿಕ್ಷಕನೊಬ್ಬ ನೌಕರಿಯಲ್ಲಿ ಆಗತಾನೇ ಕಾಲೂರಿ ನಿಲ್ಲುವ ವಯಸ್ಸಿನಲ್ಲಿ, ರೈತನೊಬ್ಬ ತಂದೆಯಿಂದ ಹೊಲದ ಹೊಣೆಯನ್ನು ತೆಗೆದುಕೊಳ್ಳುವ ವಯಸ್ಸಿನಲ್ಲಿ, ಆಟಗಾರನ ವೃತ್ತಿ ಮುಗಿದಿರುತ್ತದೆ. ಮುಂದಿನ ಬಾಳು ಬಾಕಿಯೇ ಇರುತ್ತದೆ.

ಚಾಪ್ಮನ್ ಆ ಬಾಕಿ ಬಾಳಿಗೆ ಮಾಡಿದ್ದೇನು? ತಾನು ಕಲಿತ ಟಾಟಾ ಅಕಾಡೆಮಿಗೇ 2002ರಲ್ಲಿ ಮರಳಿ ಹುಡುಗರಿಗೆ ಕಲಿಸಲು ನಿಂತ. ಬಳಿಕ ಮೇಘಾಲಯದ ಶಿಲ್ಲಾಂಗಿನಲ್ಲಿ ರಾಯಲ್ ವಾಹಿಂಗ್ದೋ ತಂಡದ ತರಬೇತುದಾರನಾದ. ಮುಂದೆ ಬೇರೆ ತಂಡಗಳಿಗೂ, ಕೋಳಿಕ್ಕೋಡಿನ ಕ್ವಾರ್ಟ್ಜ್ ತಂಡಕ್ಕೂ ಮಾರ್ಗದರ್ಶಕನಾದ. ಅಂದರೆ ಆಡಿದ ಕಾಲಕ್ಕಿಂತ ಕಲಿಸಿದ ಕಾಲವೇ ದೊಡ್ಡದು. ನಮ್ಮ ಗರಡಿಮನೆಯ ಭಾಷೆಯಲ್ಲಿ ಹೇಳುವುದಾದರೆ ಪೈಲವಾನ ವಸ್ತಾದನಾದ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ಆತ ತೀರಿಕೊಂಡಾಗ ನಲವತ್ತೊಂಬತ್ತು ವರ್ಷ. ಕೊಲ್ಕತ್ತೆಯಲ್ಲಿಯೂ ಕೇರಳದಲ್ಲಿಯೂ ಜನ ತಮ್ಮವನೇ ಹೋದನೆಂದು ಮರುಗಿದರು.

ಇದು ನಮ್ಮ ದೇಶದ ಮಾತಾಯಿತು. ಹೊರದೇಶಗಳಲ್ಲಿ ಈ ವೃತ್ತಿಯ ಅಲೆದಾಟ ಇನ್ನೂ ವಿಸ್ತಾರವಾದದ್ದು. ಪೋರ್ಚುಗಲ್ ಎಂಬುದು ಯುರೋಪಿನ ಅಂಚಿನ ಚಿಕ್ಕ ದೇಶ. ಆದರೆ ಆಟಗಾರರನ್ನು ಬೆಳೆಸಿ ಪರದೇಶಗಳಿಗೆ ಕಳುಹಿಸುವುದರಲ್ಲಿ ಹೆಸರಾದದ್ದು. ಅಲ್ಲಿಯ ವಿಲಾ ದೊ ಕೊಂದೆ ಎಂಬ ಕಡಲತಡಿಯ ಊರಿನಲ್ಲಿ 1982ರಲ್ಲಿ ಹುಟ್ಟಿದ ಎಲ್ದೆರ್ ಪೋಸ್ಟಿಗಾ ಎಂಬ ಮುಂಚೂಣಿಯ ಆಟಗಾರನ ದಾರಿಯನ್ನು ಗಮನಿಸಿರಿ. ತಾಯ್ನಾಡಿನ ಪೋರ್ಟೊ ತಂಡದಿಂದ 2003ರಲ್ಲಿ ಲಂಡನ್ನಿನ ಟಾಟನ್ಹಮ್ಮಿಗೆ. ಅಲ್ಲಿಂದ ಮತ್ತೆ ಪೋರ್ಟೊ. ನಡುವೆ ಫ್ರಾನ್ಸಿಗೆ ಒಮ್ಮೆ, ಗ್ರೀಸಿಗೆ ಒಮ್ಮೆ ಎರವಲು. ಒಂದು ತಂಡ ತನ್ನ ಆಟಗಾರನನ್ನು ಕೆಲವು ತಿಂಗಳ ಮಟ್ಟಿಗೆ ಇನ್ನೊಂದು ತಂಡಕ್ಕೆ ಕೊಡುವ ರೂಢಿ ಅಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಬಿತ್ತುವ ದಿನ ಎತ್ತಿನ ಜೋಡಿಯನ್ನು ಎರವಲು ಕೊಟ್ಟಂತೆ. ಮುಂದೆ ಲಿಸ್ಬನ್ನಿನ ಸ್ಪೋರ್ಟಿಂಗ್, ಸ್ಪೇನಿನ ಸರಗೋಸಾ, ವಲೆನ್ಸಿಯಾ, ಇಟಲಿಯ ಲಾಜಿಯೊ, ಮತ್ತೆ ಸ್ಪೇನು. ಕೊನೆಗೆ 2015ರಲ್ಲಿ ಕೊಲ್ಕತ್ತೆ! ಹೀಗೆ ಏಳು ದೇಶಗಳ ನೆಲವನ್ನು ಆತ ತುಳಿದ.

ಆತನ ಬಾಳಿನಲ್ಲಿ ಎರಡು ಪ್ರಸಂಗಗಳು ನಮ್ಮ ಮನಸ್ಸಿನಲ್ಲಿ ನಿಂತಿವೆ. ಲಂಡನ್ನಿನಲ್ಲಿ ಕಳೆದ ಒಂದು ಋತುವಿನಲ್ಲಿ ಲೀಗಿನ ಪಂದ್ಯಗಳಲ್ಲಿ ಆತ ಹೊಡೆದದ್ದು ಒಂದೇ ಒಂದು ಗೋಲು. ಅಲ್ಲಿಯವರು ಅವನನ್ನು ವ್ಯರ್ಥವೆಂದರು. ಅದೇ 2004ರ ಬೇಸಿಗೆಯಲ್ಲಿ ಯುರೋಪ್ ಕಪ್ಪಿನ ಉಪಾಂತ್ಯಪೂರ್ವ ಪಂದ್ಯದಲ್ಲಿ ಪೋರ್ಚುಗಲ್ ಇಂಗ್ಲೆಂಡಿನ ಎದುರು ಸೋಲುವ ಹಂತದಲ್ಲಿದ್ದಾಗ, ಬದಲಿ ಆಟಗಾರನಾಗಿ ಬಂದ ಇವನೇ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿ ಸಮ ಮಾಡಿದ. ಪೆನಾಲ್ಟಿಯ ಸರದಿಯಲ್ಲಿಯೂ ಎದೆಗುಂದದೆ ಹೊಡೆದ. ಪೋರ್ಚುಗಲ್ ಗೆದ್ದಿತು. ಮನುಷ್ಯ ಅವನೇ, ಕಾಲು ಅವೇ. ಒಂದು ಕಡೆ ಒಗ್ಗದವನು ಇನ್ನೊಂದು ಕಡೆ ಒದಗಿಬಂದ.

ಎರಡನೆಯದು ನಮ್ಮ ದೇಶದಲ್ಲಿ ನಡೆದದ್ದು. 2015ರ ಅಕ್ಟೋಬರಿನಲ್ಲಿ ಚೆನ್ನೈಯಲ್ಲಿ ಕೊಲ್ಕತ್ತೆಯ ಪರ ಆಡಿದ ಮೊದಲ ಪಂದ್ಯದಲ್ಲಿಯೇ ಪೋಸ್ಟಿಗಾ ಎರಡು ಗೋಲು ಹೊಡೆದ. ಅದೇ ಪಂದ್ಯದಲ್ಲಿ ಗಾಯಗೊಂಡು ಆ ಇಡೀ ಋತುವಿನಿಂದ ಹೊರಗುಳಿದ. ಚಪ್ಪಾಳೆ ಮತ್ತು ಗಾಯ ಒಂದೇ ಸಂಜೆ ಬಂದವು. ಮರುವರ್ಷ ಆತ ಮತ್ತೆ ಬಂದ, 2016ರಲ್ಲಿ ಆ ತಂಡ ಚಾಂಪಿಯನ್ ಆಯಿತು ಎಂಬುದು ಸಮಾಧಾನದ ಮಾತು. ಆದರೆ ಆತನಿಗೆ ಹಿಂದಿನ ಗಳಿಕೆಯ ಆಸರೆಯಿತ್ತು. ಮೊದಲ ವರ್ಷದ ಸಂಬಳವನ್ನೇ ನಂಬಿ ಬೆಂಗಳೂರಿಗೆ ಹೋದ ನಮ್ಮ ಹುಡುಗನ ಮೊಣಕಾಲು ತಿರುಚಿದರೆ?

ಈಗ ಮುದುಕಿಯ ಪ್ರಶ್ನೆಗಳಿಗೆ ಬರೋಣ. ನಿಷ್ಠೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇವೆ, ಏಕೆಂದರೆ ಅದು ಸುಲಭವಾದದ್ದು. ತಂಡದಿಂದ ತಂಡಕ್ಕೆ ಹೋಗುವುದು ಬಹಳ ಸಲ ಆಟಗಾರನ ಇಚ್ಛೆಯೂ ಅಲ್ಲ. ಕರಾರು ಒಂದು ವರ್ಷದ್ದೋ ಎರಡು ವರ್ಷದ್ದೋ ಇರುತ್ತದೆ. ಅದು ಮುಗಿದಾಗ ತಂಡಕ್ಕೆ ಬೇಡವಾದರೆ ಹೊರಡಲೇಬೇಕು. ಕೂಲಿ ನೇಕಾರನೊಬ್ಬ ಒಬ್ಬ ಮಾಲಿಕರ ಮಗ್ಗ ಬಿಟ್ಟು ಇನ್ನೊಬ್ಬರ ಮಗ್ಗಕ್ಕೆ ಕುಳಿತರೆ ನಾವು ಅವನ ನಿಷ್ಠೆಯನ್ನು ಪ್ರಶ್ನಿಸುತ್ತೇವೆಯೇ? ಕುಳಿತ ಮಗ್ಗದಲ್ಲಿ ಎಳೆ ತಪ್ಪದಂತೆ ನೆಯ್ದನೋ ಇಲ್ಲವೋ ಎಂಬುದನ್ನು ನೋಡುತ್ತೇವೆ. ಯಾವ ಅಂಗಿ ತೊಟ್ಟರೂ ಆ ದಿನದ ಮಟ್ಟಿಗೆ ಪೂರ್ಣ ಮನಸ್ಸಿನಿಂದ ಆಡುವುದೇ ಆಟಗಾರನ ನಿಷ್ಠೆ. ನಮ್ಮ ಹಿರಿಯರು ಕಾಯಕವೆಂದು ಕರೆದದ್ದೂ ಇದನ್ನೇ. ಅದು ಮಾಡುವ ಕೆಲಸದ ಶುದ್ಧಿಗೆ ಸಂಬಂಧಪಟ್ಟದ್ದು, ಮಾಡುವ ಊರಿಗೆ ಸಂಬಂಧಪಟ್ಟದ್ದಲ್ಲ.

ಅನ್ನದ ಪ್ರಶ್ನೆ ಇಷ್ಟು ಸುಲಭವಲ್ಲ. ಹಿಂದೆ ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ. ಮುಂತಾದ ಸರ್ಕಾರಿ ಕಾರ್ಖಾನೆಗಳು ಒಳ್ಳೆಯ ಆಟಗಾರರಿಗೆ ನೌಕರಿಯನ್ನೇ ಕೊಡುತ್ತಿದ್ದವು. ಅವರು ಕಾರ್ಖಾನೆಯ ನೌಕರರಾಗಿ ಸಂಬಳ ಪಡೆದು, ಕಾರ್ಖಾನೆಯ ತಂಡಕ್ಕೆ ಆಡುತ್ತಿದ್ದರು. ಆಟ ನಿಂತ ಮೇಲೂ ನೌಕರಿ ಇರುತ್ತಿತ್ತು; ನಿವೃತ್ತಿಯವರೆಗೆ ಮನೆಯ ಒಲೆ ಆರುತ್ತಿರಲಿಲ್ಲ. ಸಂಬಳ ದೊಡ್ಡದಲ್ಲದಿದ್ದರೂ ಭರವಸೆ ದೊಡ್ಡದಾಗಿತ್ತು. ಇಂದಿನ ವೃತ್ತಿಪರ ಪದ್ಧತಿಯಲ್ಲಿ ಇದು ತಿರುವುಮುರುವಾಗಿದೆ. ಹಣ ಹೆಚ್ಚು, ಭರವಸೆ ಕಡಿಮೆ.

ತಂಡಗಳೂ ಚಿರಂಜೀವಿಗಳಲ್ಲ. ಚಾಪ್ಮನ್ ಆಡಿದ ಮೂರು ತಂಡಗಳಲ್ಲಿ ಎರಡು ಇಂದು ಇಲ್ಲ. ಎಫ್.ಸಿ. ಕೊಚ್ಚಿನ್ ಹಣದ ಅಡಚಣೆಯಿಂದ 2002ರಲ್ಲಿ ಮುಚ್ಚಿತು. ದೇಶದ ಮೊದಲ ಲೀಗನ್ನು ಗೆದ್ದ ಗಿರಣಿಯ ತಂಡ ಜೆ.ಸಿ.ಟಿ. 2011ರಲ್ಲಿ ವಿಸರ್ಜನೆಗೊಂಡಿತು. ಅದರ ಹಿಂದಿನ ವರ್ಷವೇ ಮುಂಬಯಿಯ ಮಹೀಂದ್ರಾ ಯುನೈಟೆಡ್ ಮುಚ್ಚಿತ್ತು. ತೀರ ಇತ್ತೀಚೆಗೆ, 2025ರ ಜುಲೈಯಲ್ಲಿ, ದೇಶದ ಅಗ್ರ ಲೀಗಾದ ಇಂಡಿಯನ್ ಸೂಪರ್ ಲೀಗಿನ ಮುಂದಿನ ಋತುವನ್ನೇ ಅದನ್ನು ನಡೆಸುವವರು ತಡೆಹಿಡಿದರು. ಫುಟ್ಬಾಲ್ ಒಕ್ಕೂಟದೊಡನೆ ಇದ್ದ ಕರಾರಿನ ನವೀಕರಣ ಆಗಿರಲಿಲ್ಲವೆಂಬುದು ಅದಕ್ಕೆ ಕಾರಣ. ಮರುತಿಂಗಳು ಬೆಂಗಳೂರಿನ ತಂಡ ತನ್ನ ಪ್ರಧಾನ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. 2013ರಲ್ಲಿ ಹುಟ್ಟಿ, 2018-19ರಲ್ಲಿ ಅದೇ ಲೀಗನ್ನು ಗೆದ್ದ ತಂಡದ ಸ್ಥಿತಿ ಇದಾದರೆ ಸಣ್ಣ ತಂಡಗಳ ಮಾತೇನು? ಆಟಗಾರರ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಮಳೆ ಬಾರದ ವರ್ಷ ರೈತನ ತಪ್ಪು ಏನಿರುತ್ತದೆ?

ಹಾಗಾದರೆ ಹುಡುಗನನ್ನು ಕಳುಹಿಸಬಾರದೆಂದು ನಾವು ಹೇಳುತ್ತೇವೆಯೇ? ಇಲ್ಲ. ದೇವರು ಕೊಟ್ಟ ಕಸುವನ್ನು ಹೆದರಿಕೆಯಿಂದ ಕಟ್ಟಿಹಾಕಿದರೆ ಆ ಹುಡುಗ ಜೀವನಪೂರ್ತಿ ಹೆತ್ತವರನ್ನು ಮನಸ್ಸಿನಲ್ಲಿ ದೂರುತ್ತಾನೆ. ಕಳುಹಿಸಿರಿ, ಆದರೆ ಬರಿಗೈಯಲ್ಲಿ ಕಳುಹಿಸಬೇಡಿರಿ. ತಿಳಿದವರನ್ನು ಕೇಳಿ ನಾವು ಕಂಡುಕೊಂಡ ಮಾತುಗಳು ಇವು.

ಓದನ್ನು ನಡುವೆ ಬಿಡಿಸಬಾರದು. ಪಿ.ಯು.ಸಿ. ಮುಗಿಯಲಿ, ಪದವಿಯನ್ನು ಅಂಚೆಯ ಮೂಲಕವಾದರೂ ಪಡೆಯಲಿ. ಆಡಿದ ಅನುಭವಕ್ಕೆ ದೈಹಿಕ ಶಿಕ್ಷಣದ ಪದವಿಯೊಂದು ಕೂಡಿದರೆ ಶಾಲೆಯ ಬಾಗಿಲು ತೆರೆದಿರುತ್ತದೆ. ತರಬೇತುದಾರರಿಗೆ ಡಿ, ಸಿ, ಬಿ, ಎ ಎಂದು ಮೆಟ್ಟಿಲುಮೆಟ್ಟಿಲಾಗಿ ಪರವಾನಗಿ ಪತ್ರಗಳಿವೆ. ಮೊದಲ ಮೆಟ್ಟಿಲನ್ನು ಕಾಲಿನಲ್ಲಿ ಕಸುವಿರುವಾಗಲೇ ಹತ್ತಬೇಕು. ಕುಂಟುತ್ತ ಬಂದ ಮೇಲೆ ಹತ್ತುತ್ತೇನೆಂದರೆ ತಡವಾಗುತ್ತದೆ. ಕರಾರಿನ ಪತ್ರವನ್ನು ಓದಬಲ್ಲವರ ಕೈಯಲ್ಲಿ ಓದಿಸದೆ ಸಹಿ ಹಾಕಬಾರದು. ಗಾಯವಾದರೆ ಔಷಧದ ವೆಚ್ಚ ಯಾರದು, ಆಡಲಾಗದ ತಿಂಗಳುಗಳ ಸಂಬಳ ಉಂಟೋ ಇಲ್ಲವೋ, ವಿಮೆ ಇದೆಯೋ ಎಂಬ ಮೂರನ್ನು ನಾಚಿಕೆಯಿಲ್ಲದೆ ಕೇಳಬೇಕು. ಪತ್ರದ ಒಂದು ಪ್ರತಿ ಮನೆಯ ಪೆಟ್ಟಿಗೆಯಲ್ಲಿರಬೇಕು. ಬಂದ ಹಣದಲ್ಲಿ ಒಂದು ಪಾಲನ್ನು ಮೂವತ್ತರ ನಂತರದ ಬಾಳಿಗೆಂದು ಮೊದಲೇ ತೆಗೆದಿಡಬೇಕು. ಕೊನೆಯದಾಗಿ ಹೆತ್ತವರಿಗೆ ಒಂದು ಮಾತು: ಸೋತು ಮನೆಗೆ ಬಂದರೆ ಹಂಗಿಸಬೇಡಿರಿ. ಹೋಗುವ ದಾರಿಯಷ್ಟೇ ಮರಳುವ ದಾರಿಯೂ ತೆರೆದಿದೆಯೆಂದು ತಿಳಿದ ಮಗು ಧೈರ್ಯದಿಂದ ಆಡುತ್ತದೆ.

ತಿಂಗಳು ತುಂಬಿದ ಮೇಲೆ ನಾವು ಇಳಕಲ್ಲಿಗೆ ಹೋಗಿ ಆ ಪಡಸಾಲೆಯಲ್ಲಿಯೇ ಕುಳಿತು ಇದನ್ನೆಲ್ಲ ಅರುಹಿದೆವು. ಅಲ್ಲಿಯವರೆಗೂ ಮೌನವಾಗಿದ್ದ ತಂದೆ ಆಗ ಬಾಯಿ ತೆರೆದರು. "ನಮ್ಮ ಸೀರಿನೂ ಹಂಗ ಅಲ್ರಿ? ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡಕ್ಕೂ ಮೊದಲ ಕೊಂಡಿ ಹಾಕಿದ ಮ್ಯಾಲನ ನೇಯಾಕ ಕುಂದರೋದು. ಒಡಲು ನೇದು ಮುಗಿದ ಮ್ಯಾಲೆ ಸೆರಗ ಹುಡುಕಿದರ ಎಲ್ಲಿ ಸಿಗತೈತಿ?" ಎಂದು ಮಗನ ಕಡೆಗೆ ನೋಡಿದರು. ನಾವು ಇಷ್ಟು ಉದ್ದ ಹೇಳಿದ್ದನ್ನು ಅವರು ತಮ್ಮ ಕಸುಬಿನ ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಹುಡುಗ ಪಿ.ಯು.ಸಿ. ಪರೀಕ್ಷೆ ಬರೆದೇ ಬೆಂಗಳೂರಿಗೆ ಹೋಗುವುದೆಂದು ಒಪ್ಪಿಕೊಂಡ. ಮನಸ್ಸಿನಿಂದ ಒಪ್ಪಿದನೋ, ಹಿರಿಯರ ಮುಖ ನೋಡಿ ಒಪ್ಪಿದನೋ, ಪರೀಕ್ಷೆಯ ದಿನ ತಿಳಿಯಬೇಕು.

ಎದ್ದು ಹೊರಡುವಾಗ ಮುದುಕಿ ನಮ್ಮನ್ನು ಬಾಗಿಲಲ್ಲಿ ತಡೆದು ಕೇಳಿದಳು.

"ಶಾಸ್ತ್ರಿಗಳ, ಆ ಬೆಂಗಳೂರಿನ ಆಟದಾವ, ತೀರಿಕೊಂಡಾಗ ಯಾವ ಊರಾಗ ಇದ್ದನ್ರಿ?"

"ಬೆಂಗಳೂರಿನಲ್ಲಿಯೇ ತಾಯಿ, ಹುಟ್ಟಿದ ಊರಿನಲ್ಲಿ" ಎಂದೆವು.

ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ಮೊಮ್ಮಗನ ತಲೆಯ ಮೇಲೆ ಕೈಯಿಟ್ಟು, "ಹಂಗಾರ ಮನಿಗೆ ಬಂದಿದ್ದ ಬಿಡ್ರಿ" ಎಂದಳು.

ಮನೆಯ ಹೊಸ್ತಿಲು ದಾಟುವ ಮಕ್ಕಳೆಲ್ಲರೂ ಮರಳಿ ಆ ಹೊಸ್ತಿಲನ್ನು ಕಾಣಲಿ ಎಂದು ಹಾರೈಸುತ್ತ ಈ ತಿಂಗಳ ಬರಹವನ್ನು ಮುಗಿಸುತ್ತೇವೆ.